ಮೇಲಿನ ಹೊಲದ ಮಣ್ಣು

ಬೆಳಿಗ್ಗೆ ಏಳೂವರೆಗೆ ಅಳಿಯ ಹೊಲದ ನಡುವಿನ ಗೂಟ ಕಿತ್ತ.

ಕೀಳಬೇಡಿ ಎಂದು ಮಾವ ಹಿಂದಿನ ಸಂಜೆ ಹೇಳಿದ್ದರು. ಆ ಬೆಳಿಗ್ಗೆ ಬದುವಿನ ಮೇಲೆ ನಿಂತು ಮತ್ತೊಮ್ಮೆ ಹೇಳಿದರು. ಅದು ತೋಳುದ್ದದ ಕಬ್ಬಿಣದ ಗೂಟ. ತಲೆ ಮಣ್ಣಿನಿಂದ ಗೇಣು ಮೇಲಿತ್ತು, ಬುಡ ಕೆಳಗಿನ ಹಾಸುಬಂಡೆಯ ಬಿರುಕಿನಲ್ಲಿ ಕೂತಿತ್ತು. ಉಳುವವರು ಅಲ್ಲಿಗೆ ಬಂದಾಗ ನೇಗಿಲು ಎತ್ತಿ ಆಚೆ ಇಟ್ಟು ಮುಂದೆ ಹೋಗುತ್ತಿದ್ದರು. ಅಳಿಯ ತಂದ ಪವರ್ ಟಿಲ್ಲರ್ ಹಾಗೆ ಎತ್ತಿ ಇಡುವಂಥದ್ದಲ್ಲ.

“ಅದು ಬಂಡೆಗೆ ಹಾಕಿದ ಕಟ್ಟು. ಬಿಚ್ಚಿದರೆ ಬಂಡೆ ಎದ್ದು ಬರುತ್ತೆ,” ಎಂದರು ಮಾವ.

“ಬರಲಿ ಬಿಡಿ ಮಾವ. ಚಾಪೆ ಹಾಸಿ ಕೂರಿಸಿ ಟೀ ಕೊಡೋಣ.”

ಅವನು ಪಂಪು, ಮೋಟಾರು ರಿಪೇರಿಯವನು. ಊರವರು ಸ್ಪ್ಯಾನರ್ ಎಂದೇ ಕರೆಯುತ್ತಿದ್ದರು. ಮನೆ ಅಳಿಯನಾಗಿ ಬಂದು ಕೆಲವು ವರ್ಷ ಕಳೆದಿದ್ದವು. ಅವನು ಹುಟ್ಟಿದ ಊರಲ್ಲಿ ಬಾವಿ ತೋಡಿದರೂ ಕಲ್ಲು ಸಿಗುತ್ತಿರಲಿಲ್ಲ. ಬಂಡೆಯ ಬಗ್ಗೆ ಅವನಿಗೆ ಭಯವಿರಲಿಲ್ಲ, ಗೌರವವೂ ಇರಲಿಲ್ಲ.

ಜಾಕ್ ಕೊಟ್ಟು ಎತ್ತಿದಾಗ ಗೂಟ ಹಲ್ಲು ಕಿತ್ತಂತೆ ಹೊರಬಂತು. ಅದರ ಬುಡಕ್ಕೆ ತಾಮ್ರದ ತಂತಿ ಸುತ್ತಿತ್ತು. ತಂತಿಯೊಳಗೆ ಮನುಷ್ಯನ ಕೂದಲು. ಬಿರುಕಿನಿಂದ ತಣ್ಣನೆಯ ಗಾಳಿ ಬಂತು, ವರ್ಷಗಟ್ಟಲೆ ಮುಚ್ಚಿದ್ದ ಪೆಟ್ಟಿಗೆ ತೆರೆದಾಗ ಬರುವಂಥ ವಾಸನೆಯೊಂದಿಗೆ. ಸ್ಪ್ಯಾನರ್ ಇಕ್ಕಳದಿಂದ ತಂತಿ ಕತ್ತರಿಸಿ ಬೇಲಿಯಾಚೆ ಎಸೆದ. ಒಳ್ಳೆಯ ಕಬ್ಬಿಣ ಎಂದು ಗೂಟವನ್ನು ತನ್ನ ಕೆಲಸದ ಕೊಟ್ಟಿಗೆಗೆ ಒಯ್ದು, ತುಂಡರಿಸಿ, ಗ್ರೈಂಡರಿಗೆ ಹಿಡಿದು ಉಳಿಗಳನ್ನು ಮಾಡಿಕೊಂಡ. ಕಿಡಿ ಹಾರಿತು. ಕೊಟ್ಟಿಗೆಯ ತುಂಬ ಸುಟ್ಟ ಕೂದಲಿನ ವಾಸನೆ ಹರಡಿತು. ಕೂದಲನ್ನು ಎಸೆದಿದ್ದೇನಲ್ಲ ಎಂದು ಒಂದು ಕ್ಷಣ ಅನ್ನಿಸಿತು. ಮತ್ತೆ ಕೆಲಸಕ್ಕೆ ಬಗ್ಗಿದ.

ಆ ಹೊಲದಲ್ಲಿ ಮಣ್ಣು ಎಲ್ಲೂ ಮೊಳಕ್ಕಿಂತ ಆಳವಿರಲಿಲ್ಲ. ಕೆಳಗೆ ಇಡೀ ಇಳಿಜಾರಿಗೆ ಒಂದೇ ಬಂಡೆ. ಬಿತ್ತುವ ಮುಂಚೆ ಅಲ್ಲಲ್ಲಿ ಹಾರೆ ಇಳಿಸಿ ಆಳ ನೋಡುತ್ತಿದ್ದರು. ಬೇಗನೆ ಠಣ್ ಎಂದ ಕಡೆ ಕಡ್ಡಿ ನೆಟ್ಟು ಬಿಟ್ಟುಬಿಡುತ್ತಿದ್ದರು. ಮಳೆಗೆ ಮೇಲಿನ ಹೊಲದ ಮಣ್ಣು ಕೆಳಗಿನ ಹೊಲಕ್ಕೆ ಕೊಚ್ಚಿ ಬರುತ್ತಿತ್ತು. ಬಂದರೂ ಅದು ಮೇಲಿನವನದೇ. ಮಳೆಗಾಲ ಮುಗಿದ ಮೇಲೆ ಅವನು ಬುಟ್ಟಿ ಹಿಡಿದು ಬರುತ್ತಿದ್ದ, ಕೆಳಗಿನವನು ಕೈಕೊಟ್ಟು ತಲೆಗೇರಿಸಿ ಕಳಿಸುತ್ತಿದ್ದ. ಆ ಸೀಮೆಯಲ್ಲಿ ಎಲ್ಲರೂ ನಡೆಸಿಕೊಂಡು ಬಂದದ್ದು ಹೀಗೆ.

ಮಾವನ ಅಪ್ಪ ಮಾತ್ರ ನಡೆಸಲಿಲ್ಲ. ಮೇಲಿನ ಹೊಲ ಅವರ ಸ್ವಂತ ಅಣ್ಣನದು. ಇವರು ಬದು ಎತ್ತರಿಸಿ ಇಳಿದ ಮಣ್ಣನ್ನೆಲ್ಲ ಹಿಡಿದಿಟ್ಟರು. ಬುಟ್ಟಿ ಹಿಡಿದು ಬಂದ ಅಣ್ಣನನ್ನು ಹೊಲಕ್ಕೆ ಇಳಿಯಲು ಬಿಡಲಿಲ್ಲ. ಕೆಲವೇ ಮಳೆಗಾಲಗಳಲ್ಲಿ ಮೇಲಿನ ಹೊಲ ಬೋಳು ಬಂಡೆಯಾಯಿತು. ಅಣ್ಣ ಆ ಬಂಡೆಯ ಮೇಲೆ ಕೂತು, ತನ್ನ ತಲೆಗೂದಲು ಕಿತ್ತು ಚೆಲ್ಲಿ, ಮಾಟ ಮಾಡಿದ. ನನ್ನ ಮಣ್ಣು ಯಾರ ಕೆಳಗಿದೆಯೋ ಅವರ ಕೆಳಗೆ ನನ್ನ ಬಂಡೆಯೇ ಏಳಲಿ ಎಂದ. ಕೆಳಗಿನ ಹೊಲದಲ್ಲಿ ಬಂಡೆ ಏಳತೊಡಗಿದಾಗ ಮಾವನ ಅಪ್ಪ ಮಂತ್ರವಾದಿಯೊಬ್ಬನನ್ನು ಕರೆಸಿ, ಅದೇ ಕೂದಲು ಸುತ್ತಿ, ಗೂಟ ಹೊಡೆಸಿದ್ದರು.

ಇದೆಲ್ಲ ಸ್ಪ್ಯಾನರ್‌ಗೆ ಗೊತ್ತಿತ್ತು. ಮದುವೆಯಾದ ಹೊಸದರಲ್ಲಿ ಹೆಂಡತಿ ಹೇಳಿದ್ದಳು. ಕೇಳಿ ನಕ್ಕಿದ್ದ. ಈಚೆಗಷ್ಟೇ, ಬದುವಿನ ಒಳಬದಿಯ ಮಣ್ಣು ಹಿಟ್ಟಿನಂತೆ ಮೆತ್ತಗಿದೆ ಎಂದು ಅದನ್ನೇ ತಂದು ಹೆರಿಗೆಯ ಕೋಣೆಗೆ ಹೊಸ ನೆಲ ಬಡಿದಿದ್ದ. ಹೆಂಡತಿಗೆ ಆಗ ತುಂಬು ತಿಂಗಳು ಹತ್ತಿರವಾಗುತ್ತಿತ್ತು. ಮದುವೆಯಾಗಿ ಬಹಳ ಕಾದು, ಎರಡು ಸಲ ಕಳೆದುಕೊಂಡು, ನಿಂತ ಬಸಿರು.

ಗೂಟ ಕಿತ್ತ ವಾರದಲ್ಲೇ ಟಿಲ್ಲರಿನ ಬ್ಲೇಡು ಮುರಿಯಿತು. ಹೊಸದು ಹಾಕಿದ. ಅದೂ ಮುರಿಯಿತು. ಹಾರೆ ಇಳಿಸಿ ನೋಡಿದ. ಮೊಳ ಇಳಿಯುತ್ತಿದ್ದ ಕಡೆ ಗೇಣಿಗೇ ಠಣ್ ಎಂದಿತು. ಮಣ್ಣು ಕೊಚ್ಚಿಹೋಗಿರಬೇಕು ಎಂದ. ಮಳೆ ಬಂದೇ ಇರಲಿಲ್ಲ. ಮತ್ತೆ ನೋಡಿದಾಗ ಅಂಗೈ ಅಗಲಕ್ಕೆ ಬಂದಿತ್ತು. ಆಮೇಲೆ ಬೆರಳಗಲ. ಉತ್ತಷ್ಟರಲ್ಲಿ ಬಿತ್ತಿ, ಪಂಪಿನ ನೀರು ಹಾಯಿಸಿ ಬೆಳೆಸಿದ ಪೈರು ಒಣಗಲಿಲ್ಲ, ಬೇರು ಸಮೇತ ಮೇಲೆದ್ದು ಮಗ್ಗುಲಾಗಿ ಮಲಗಿತು. ಕೆಳಗಿನಿಂದ ಯಾರೋ ನಿಧಾನವಾಗಿ ನೂಕಿದ ಹಾಗೆ.

ಮನೆಯೊಳಗೂ ಅದು ಬಂತು. ದಿಂಬಿಗೆ ತಲೆಯಿಟ್ಟರೆ ಹತ್ತಿಯ ಕೆಳಗೆ ಏನೋ ಗಟ್ಟಿ ತಾಗುತ್ತಿತ್ತು. ದಿಂಬು ಬಿಚ್ಚಿ ನೋಡಿದ. ಹತ್ತಿಯೇ ಇತ್ತು. ಮತ್ತೆ ಹೊಲಿದು ಮಲಗಿದರೆ ಅದೇ ಗಟ್ಟಿ. ಹೆಂಡತಿಯ ಹಾಸಿಗೆಯೂ ಹಾಗೇ ಆಗಿತ್ತು. ಸುಟ್ಟ ಕೂದಲಿನ ವಾಸನೆ ಕೊಟ್ಟಿಗೆ ದಾಟಿ ಕೋಣೆಗೆ ಬಂದು ನಿಂತಿತು.

ಒಂದು ಮಧ್ಯಾಹ್ನ ಹೆಂಡತಿ ಅವನನ್ನು ಕರೆದಳು. ಗೋಡೆಗೆ ಒರಗಿ ಕೂತಿದ್ದಳು. ಮುಖ ಬಿಳಿಚಿತ್ತು.

“ರೀ, ಇಲ್ಲಿ ಮುಟ್ಟಿ.”

ಮುಟ್ಟಿದ. ಹೊಟ್ಟೆ ಬಿಗಿದಿತ್ತು. ನೋವಾಗುತ್ತಾ ಎಂದು ಕೇಳಿದ. ಇಲ್ಲ ಎಂದಳು. ನಿನ್ನೆಯಿಂದ ಮಗು ಒದ್ದಿಲ್ಲ ಎಂದಳು. ಅವನು ಮೋಟಾರು ಪರೀಕ್ಷಿಸುವ ಅಭ್ಯಾಸದಿಂದ ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿದ.

ಠಣ್ ಎಂದಿತು.

ಅವಳು ಸೀರೆಯ ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡಳು.

ಪಟ್ಟಣದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಸ್ಕ್ಯಾನಿನಲ್ಲಿ ಎಲ್ಲ ಸರಿಯಾಗಿತ್ತು. ಮಗುವಿನ ಎದೆ ಬಡಿತ ಕೇಳಿಸಿತು. ಆದರೆ ಯಂತ್ರ ಹಿಡಿದಿದ್ದಾಕೆ ಎರಡು ಸಲ ಅದರ ಧ್ವನಿ ಏರಿಸಬೇಕಾಯಿತು. ಗೋಡೆಯಾಚೆ ಯಾರೋ ಕುಟ್ಟುತ್ತಿರುವ ಹಾಗಿದೆ ಎಂದು ಆಕೆ ನಕ್ಕಳು. ಗಾಬರಿ ಬೇಡ ಎಂದು ಹೇಳಿ ಮನೆಗೆ ಕಳಿಸಿದರು.

ಅಂದು ಸ್ಪ್ಯಾನರ್ ಮೊದಲ ಸಲ ಮಾವನ ಎದುರು ತಲೆ ತಗ್ಗಿಸಿ ನಿಂತ. ಉಳಿಗಳನ್ನು ಬೆಸೆದು ಮತ್ತೆ ಗೂಟ ಮಾಡುತ್ತೇನೆ ಎಂದ. ಮಾಡಿದ ಕೂಡ. ಬೇಲಿಯಾಚೆ ತೆವಳಿ ತಂತಿಗಾಗಿ ಹುಡುಕಿದ, ಸಿಗಲಿಲ್ಲ. ಬರಿಯ ಗೂಟ ಹಿಡಿದು ಹೊಲಕ್ಕೆ ಓಡಿದರೆ ಬಂಡೆಯಲ್ಲಿ ಬಿರುಕೇ ಇರಲಿಲ್ಲ. ಗಾಯ ಮಾಯ್ದ ಹಾಗೆ ಕೂಡಿಕೊಂಡಿತ್ತು.

“ಕಟ್ಟು ಹೋಯಿತು. ಇನ್ನು ಅವರದ್ದನ್ನು ಅವರಿಗೆ ಕೊಡೋದು ಒಂದೇ ದಾರಿ,” ಎಂದರು ಮಾವ.

“ಯಾರಿಗೆ ಕೊಡೋದು ಮಾವ? ಅವರು ಸತ್ತು ಎಷ್ಟು ಕಾಲವಾಯಿತು.”

“ಹೊಲ ಸತ್ತಿಲ್ಲವಲ್ಲ.”

ಬುಟ್ಟಿ ತಂದರು. ಇಳಿಜಾರು ಕಡಿದಾಗಿತ್ತು, ಗಾಡಿ ಹತ್ತುವಂತಿರಲಿಲ್ಲ. ಮಾವ ಗುದ್ದಲಿಯಿಂದ ಕೆರೆದು ತುಂಬಿಸುವುದು, ಕೈಕೊಟ್ಟು ತಲೆಗೇರಿಸುವುದು. ಅಳಿಯ ಹೊತ್ತು ಹತ್ತಿ, ಮೇಲಿನ ಬೋಳು ಬಂಡೆಯ ಮೇಲೆ ಸುರಿದು, ಗಾಳಿಗೆ ಹಾರದಂತೆ ಅಂಚಿಗೆ ಕಲ್ಲು ಇಟ್ಟು ಇಳಿಯುವುದು. ದಾರಿಯಲ್ಲಿ ಹೋಗುವವರು ನಿಂತು ನೋಡಿದರು. ಸ್ಪ್ಯಾನರ್‌ಗೆ ನಟ್ಟು ಲೂಸಾಗಿದೆ ಕಣ್ರೋ ಎಂದು ಒಬ್ಬ ಹೇಳಿದ. ಅವನು ತಿರುಗಿ ನೋಡಲಿಲ್ಲ. ಬೇರೆ ಸಮಯದಲ್ಲಾಗಿದ್ದರೆ ಆ ಮಾತಿಗೆ ಅವನೇ ಮೊದಲು ನಗುತ್ತಿದ್ದ.

ಹಗಲುಗಳು ಹಾಗೇ ಹೋದವು. ತಲೆಯ ಸಿಂಬಿ ಬೆವರಿಗೆ ಕೊಳೆಯಿತು. ಅಂಗಾಲು ಸೀಳಿತು. ನಡುನಡುವೆ ಓಡಿಬಂದು ಹೆಂಡತಿಯ ಹೊಟ್ಟೆ ಮುಟ್ಟಿ ನೋಡುತ್ತಿದ್ದ. ಬದು ಹಿಡಿದಿಟ್ಟ ಮಣ್ಣು ಅರ್ಧ ಮುಗಿದ ದಿನ ಹೊಟ್ಟೆ ತುಸು ಮೆತ್ತಗಾಗಿತ್ತು. ಮುಕ್ಕಾಲು ಮುಗಿದಾಗ ಅವಳು ಕಿಟಕಿಯಿಂದಲೇ ಕೂಗಿ ಹೇಳಿದಳು, ಮಗು ಒದ್ದಿತು ಎಂದು. ಮಾವ ಗುದ್ದಲಿ ಊರಿ ಕೂತುಬಿಟ್ಟರು. ಅವರ ಭುಜ ಅಲುಗುತ್ತಿತ್ತು.

ಮರುದಿನ ಮಧ್ಯಾಹ್ನ ಅವಳಿಗೆ ನೋವು ಶುರುವಾಯಿತು.

ಊರಿನ ನರ್ಸಮ್ಮ ಬಂದರು. ನೋಡಿದರು. ಆಸ್ಪತ್ರೆ ಮುಟ್ಟುವಷ್ಟು ಸಮಯವಿಲ್ಲ ಎಂದರು. ಬಾಗಿಲು ಮುಚ್ಚಿದರು.

ಹೊಲದಲ್ಲಿ ಇನ್ನೂ ಒಂದು ಮೂಲೆ ಬಾಕಿ ಇತ್ತು. ಸ್ಪ್ಯಾನರ್ ಓಡಿದ. ಬುಟ್ಟಿ ತುಂಬಿತು. ಹತ್ತಿದ. ಸುರಿದ. ಇಳಿದ. ಒಳಗಿನಿಂದ ಅವಳ ಕೂಗು. ಮತ್ತೆ ಹತ್ತಿದ. ಕಾಲ ಕೆಳಗಿನ ಬಂಡೆ ಬಿಸಿಯಾಗಿತ್ತು. ಅದರೊಳಗೆ ಏನೋ ಗುಡುಗುಡು ಉರುಳುತ್ತಿತ್ತು. ಕೂಗು ನಿಂತಿತು. ಅವನೂ ನಿಂತ. ಮತ್ತೆ ಕೂಗು. ಓಡಿದ. ಬೆಳಕು ಇಳಿಯುತ್ತಿತ್ತು. ಗುದ್ದಲಿ ಸಿಗಲಿಲ್ಲ. ಉಗುರಿನಿಂದ ಬಳಿದ. ಮಾವ ಪಂಚೆಯ ತುದಿಯಿಂದ ಬಂಡೆ ಗುಡಿಸಿ ಧೂಳನ್ನೂ ಬುಟ್ಟಿಗೆ ಹಾಕಿದರು. ಕೊನೆಯದು. ಹತ್ತಿದ. ಜಾರಿದ. ಮೊಣಕಾಲೂರಿ ಎದ್ದ. ಮೇಲೆ ಸೇರಿ ಬುಟ್ಟಿ ಮಗುಚಿದ.

ಗುಡುಗುಡು ನಿಂತಿತು. ಸುಟ್ಟ ಕೂದಲಿನ ವಾಸನೆ ಗಾಳಿಗೆ ಹೋಯಿತು. ಕೆಳಗೆ ಮನೆಯೊಳಗಿನಿಂದ ಮಗುವಿನ ಅಳು ಕೇಳಿತು.

ಅವನು ಬಾಗಿಲಿಗೆ ಬಂದಾಗ ಹೆಂಡತಿ ಕಣ್ಣು ಬಿಟ್ಟಿದ್ದಳು. ಅವನನ್ನು ನೋಡಿ ನಕ್ಕಳು. ಹೆಣ್ಣು ಮಗು, ಕೈಕಾಲು ನೆಟ್ಟಗಿತ್ತು. ನರ್ಸಮ್ಮ ಅದನ್ನು ಒರೆಸಿ ಬಟ್ಟೆಯಲ್ಲಿ ಸುತ್ತುತ್ತಿದ್ದರು. ತಲೆ ಒರೆಸುವಾಗ ಅವರ ಕೈ ನಿಂತಿತು. ನೆತ್ತಿಯ ಮೇಲೆ ಎರಡು ಬೆರಳಿಟ್ಟರು. ತೆಗೆದರು. ಮತ್ತೆ ಇಟ್ಟರು.

“ಏನಾಯಿತು ನರ್ಸಮ್ಮ?”

“ನೆತ್ತಿ ಮಿಡೀತಿಲ್ಲ. ಎಲ್ಲೂ ಮೆತ್ತಗಿಲ್ಲ, ಎಲ್ಲ ಕೂಡಿಬಿಟ್ಟಿದೆ.” ಮೆಲ್ಲನೆ ಸೇರಿಸಿದರು. “ತಲೆ ಬೆಳೆಯೋಕೆ ಜಾಗ ಬೇಕಲ್ಲಪ್ಪ.”

ಮಾವ ಹೊಸ್ತಿಲಲ್ಲಿ ನಿಂತಿದ್ದರು. ಅವರು ಮಗುವನ್ನು ನೋಡುತ್ತಿರಲಿಲ್ಲ. ಮಗಳು ಮಲಗಿದ್ದ ಚಾಪೆಯ ಸುತ್ತಲಿನ ಹೊಸ ನೆಲವನ್ನು ನೋಡುತ್ತಿದ್ದರು.

“ಈ ಮಣ್ಣು ಎಲ್ಲಿಯದು ಅಳಿಯಂದಿರೇ?”

ಸ್ಪ್ಯಾನರ್ ಬದುವಿನ ಕಡೆ ಕೈ ತೋರಿಸಿದ. ಹೆಂಡತಿಯನ್ನೂ ಮಗುವನ್ನೂ ಹೊರಗಿನ ಜಗಲಿಗೆ ಸಾಗಿಸಿದ. ಗುದ್ದಲಿ ಹುಡುಕಿ ತಂದು ಕೋಣೆಯ ನೆಲ ಅಗೆದ. ಪೂರ್ತಿ ಕತ್ತಲಾಗುವ ಮುಂಚೆ ಅದರ ಕೊನೆಯ ಬುಟ್ಟಿಯೂ ಮೇಲಿನ ಹೊಲ ಸೇರಿತು. ಅವನು ಇಳಿದು ಬಂದಾಗ ನರ್ಸಮ್ಮ ದೀಪ ಹತ್ತಿರ ಹಿಡಿದು ಮಗುವಿನ ನೆತ್ತಿಯನ್ನು ಇನ್ನೊಮ್ಮೆ ಮುಟ್ಟಿ ನೋಡಿದರು.

ಗಟ್ಟಿಯಾಗಿಯೇ ಇತ್ತು.