ಪಕ್ಕಾ ಬಿಲ್

“ಹತ್ತು ತಿಂಗಳು ಗುಳಿಗಿ ಒಯ್ದಿ. ಒಂದಿನಾನೂ ಬಿಲ್ ಕೇಳಿದವನಲ್ಲ. ಅವತ್ತೊಂದಿನ ಯಾಕ ಕೇಳಿದಿಲೇ, ಪಕ್ಕಾ ಬಿಲ್?”

ಓಬಳೇಶನ ಕೈಯಲ್ಲಿ ಶಟರ್ ಎಳೆಯುವ ಕಬ್ಬಿಣದ ಕೊಕ್ಕೆ. ಅದರ ತುದಿ ನನ್ನ ಗಂಟಲಿನಿಂದ ಎರಡು ಬೆರಳು ದೂರ.

ಹೊಸಪೇಟೆಯ ಅವನ ಮೆಡಿಕಲ್ ಶಾಪಿನ ಹಿಂದಿನ ಗೋದಾಮು. ಮುಂದಿನ ಅಂಗಡಿಯಲ್ಲಿ ಕೋರ್ಟಿನ ಕಮಿಷನರ್ ಹಳದಿ ಡಬ್ಬಿಗಳಿಗೆ ಸೀಲ್ ಹಾಕಿಸುತ್ತಿದ್ದರು.

“ಕೊಕ್ಕಿ ಕೆಳಗಿಡು ಓಬಳೇಶ.”

“ನಿಮ್ಮಕ್ಕನ ಚೀಟಿ ನೋಡಿ ಕೊಟ್ಟೆ. ನಿನ್ನ ಮುಖ ನೋಡಿ ಅಲ್ಲ.”

ಸಿಟ್ಟು ನೆತ್ತಿಗೇರಿತು. ಕೊಕ್ಕೆ ಹಿಡಿದು ತಿರುಚಿದೆ. ಅವನು ರಟ್ಟಿನ ಪೆಟ್ಟಿಗೆಗಳ ಮೇಲೆ ಬಿದ್ದ. ಅಂಗೈ ಕುಯ್ದು ರಕ್ತ ಬಂತು... ನನ್ನದು.

ತಪ್ಪು ನನ್ನದೇ. ಹಾಗಿರುವಾಗಲೇ ನನಗೆ ಹೆಚ್ಚು ಸಿಟ್ಟು ಬರುವುದು.

ನನ್ನ ಕೆಲಸ ಕಂಪನಿಗಳ ಪರವಾಗಿ ಪತ್ತೆ ಮಾಡುವುದು. ನಕಲಿ ಬೀಜ, ನಕಲಿ ಎಂಜಿನ್ ಆಯಿಲ್. ಈ ಸಲದ ಮಾಲು ಮಾತ್ರ ನಕಲಿಯಲ್ಲ.

ರಕ್ತದ ಕ್ಯಾನ್ಸರಿಗೆ ದಿನಕ್ಕೊಂದು ಗುಳಿಗೆ. ಮೊದಲು ಕಂಡುಹಿಡಿದ ಕಂಪನಿಯದು ನೀಲಿ ಡಬ್ಬಿ. ಅದೇ ಮದ್ದನ್ನು ಇನ್ನೊಂದು ಕಂಪನಿ ಹಳದಿ ಡಬ್ಬಿಯಲ್ಲಿ, ಹತ್ತನೇ ಒಂದು ಪಾಲು ಬೆಲೆಗೆ ಮಾರುತ್ತಿತ್ತು. ನೀಲಿಯವರ ಪೇಟೆಂಟ್ ಮುಗಿಯಲು ಇನ್ನೂ ಹದಿನಾಲ್ಕು ತಿಂಗಳಿತ್ತು. ಅಲ್ಲಿಯವರೆಗೆ ಬೇರೆಯವರು ಮಾರುವಂತಿಲ್ಲ. ಮಾರುತ್ತಿದ್ದಾರೆಂದು ದೆಹಲಿಯ ಕೋರ್ಟಿಗೆ ತೋರಿಸಬೇಕು. ಡಬ್ಬಿ ಬೇಕು, ಬಿಲ್ ಬೇಕು. ಡಾಕ್ಟರ ಚೀಟಿ ಇಲ್ಲದೆ ಯಾರೂ ಕೊಡುವುದಿಲ್ಲ.

ಚೀಟಿ ನನ್ನ ಜೇಬಿನಲ್ಲೇ ಇತ್ತು. ಬಂಡ್ರಿಯ ನನ್ನ ಅಕ್ಕ ಎರ್ರಮ್ಮನದು. ಅವಳಿಗೆ ತಿಂಗಳು ತಿಂಗಳು ಹಳದಿ ಡಬ್ಬಿ ಒಯ್ದು ಕೊಡುವವನೇ ನಾನು. ಈ ಸಲ ಓಬಳೇಶನಿಂದ ಪಕ್ಕಾ ಬಿಲ್ ಬರೆಸಿ, ಡಬ್ಬಿ, ಬಿಲ್, ಚೀಟಿ ಮೂರನ್ನೂ ನೀಲಿಯವರ ವಕೀಲರಿಗೆ ಕೊಟ್ಟೆ.

ಗೊತ್ತಿದ್ದೂ ಮಾಡಿದೆಯಾ ಅಂತ ಕೇಳುತ್ತೀರಿ. ಕೇಳಿ.

ನಮ್ಮಪ್ಪನ ಹೊಲದ ಬದುವಿನ ಕೇಸು ಇಪ್ಪತ್ತೆರಡು ವರ್ಷ ನಡೆಯಿತು. ನನಗೆ ಗೊತ್ತಿದ್ದ ಕೋರ್ಟು ಅದೊಂದೇ. ಈ ಕೇಸು ಮುಗಿಯುವ ಹೊತ್ತಿಗೆ ಪೇಟೆಂಟೇ ಮುಗಿದಿರುತ್ತದೆ, ನನ್ನ ಫೀಸು ನನಗೆ, ಅಕ್ಕನ ಗುಳಿಗೆ ಅಕ್ಕನಿಗೆ ಅಂತ ಲೆಕ್ಕ ಹಾಕಿದ್ದೆ.

ತಡೆಯಾಜ್ಞೆ ಒಂಬತ್ತನೇ ದಿನಕ್ಕೆ ಬಂತು.

ಅಕ್ಕನ ಹತ್ತಿರ ಉಳಿದದ್ದು ನಾಲ್ಕು ಗುಳಿಗೆ.

ಹಿಂದಿನ ಬಾಗಿಲಿನಿಂದ ಹೊರಬಿದ್ದು ಬೈಕ್ ಹತ್ತಿದೆ. ಇನ್ನು ಹಳದಿ ಡಬ್ಬಿ ಇದ್ದದ್ದು ಕಂಪ್ಲಿಯ ಮರುಳಸಿದ್ದಪ್ಪನವರ ಅಂಗಡಿಯಲ್ಲಿ ಮಾತ್ರ. ಕಮಿಷನರ್ ಮುಂದೆ ಹೋಗುವುದೂ ಅಲ್ಲಿಗೇ. ಅಂಗಡಿಗಳ ಲಿಸ್ಟ್ ಬರೆದುಕೊಟ್ಟವನು ನಾನು, ನನಗೆ ಗೊತ್ತಿರದೆ ಇನ್ಯಾರಿಗೆ?

ಕಮಲಾಪುರ ದಾಟುವಾಗ ಕನ್ನಡಿಯಲ್ಲಿ ಕಮಿಷನರರ ಬಿಳಿ ಕಾರು ಕಂಡಿತು. ಬಾಳೆಗೊನೆ ತುಂಬಿದ ಟ್ರ್ಯಾಕ್ಟರೊಂದು ರಸ್ತೆಗೆ ಅಡ್ಡ ತಿರುಗುತ್ತಿತ್ತು. ಅದರ ಮೂತಿಗೂ ಕಾಲುವೆಗೂ ನಡುವೆ ಮೂರಡಿ ಜಾಗ. ನುಗ್ಗಿದೆ. ಮೊಣಕಾಲು ಉಜ್ಜಿತು. ಡ್ರೈವರ್ ನಮ್ಮವ್ವನನ್ನು ನೆನೆದ. ಕಾರು ಹಿಂದೆ ಉಳಿಯಿತು.

ಸಿಕ್ಕದ್ದು ಐದೇ ನಿಮಿಷ.

“ಬರ್ರಿ ಹುಲುಗೇಶ್, ಕುಂದ್ರಿ. ಚಾ ತರಸ್ತೀನಿ,” ಅಂದರು ಮರುಳಸಿದ್ದಪ್ಪ.

“ಚಾ ಬ್ಯಾಡ್ರಿ. ಹಳದಿ ಡಬ್ಬಿ ಎಷ್ಟದಾವ?”

“ಎರಡದಾವ. ಅಕ್ಕಾರಿಗೇನು? ಚೀಟಿ?”

ಚೀಟಿ ಕೋರ್ಟಿನ ಫೈಲಿನಲ್ಲಿತ್ತು. ಮೊಬೈಲಿನಲ್ಲಿದ್ದ ಫೋಟೋ ತೋರಿಸಿದೆ. ಎರಡೂ ಡಬ್ಬಿ ನನ್ನ ಕೈಗಿಟ್ಟರು.

“ಮೊದಲು ಒಯ್ದು ಕೊಡ್ರಿ. ರೊಕ್ಕ ಎಲ್ಲಿ ಹೋಗ್ತದ.”

ಆಗಲೇ ಬಿಳಿ ಕಾರು ಬಂದು ನಿಂತಿತು. ಮೊದಲು ಇಳಿದವರು ನೀಲಿ ಕಂಪನಿಯ ವಕೀಲ ಮನೋಹರ್. ಹಿಂದೆ ಕಮಿಷನರ್.

“ಓ ಹುಲುಗೇಶ್, ನಮಗಿಂತ ಮೊದಲೇ ಬಂದಿದ್ದೀರಲ್ಲ!” ವಕೀಲರು ನನ್ನ ಬೆನ್ನು ತಟ್ಟಿದರು. “ಯಜಮಾನರೇ, ನಿಮ್ಮ ಅಂಗಡಿ ತೋರಿಸಿಕೊಟ್ಟವರು ಇವರೇ. ಹಳದಿ ಸ್ಟಾಕ್ ಎಲ್ಲಿದೆ?”

ಮರುಳಸಿದ್ದಪ್ಪ ನನ್ನನ್ನು ನೋಡಿದರು. ಬೈಯಲಿಲ್ಲ. ಕೈ ಚಾಚಿದರು, ಅಷ್ಟೇ.

ಓಡಬಹುದಿತ್ತು. ಡಬ್ಬಿಗಳನ್ನು ಆ ಕೈಯಲ್ಲಿಟ್ಟೆ.

“ಚಾ ಕುಡದು ಹೋಗ್ರಿ,” ಅಂದರು.

ಓಬಳೇಶನ ಕೊಕ್ಕೆಯೇ ವಾಸಿಯಿತ್ತು.

ಹೊಸಪೇಟೆಗೆ ವಾಪಸ್ ಬಂದು, ಬಂದ ಫೀಸೆಲ್ಲ ಸುರಿದು ನೀಲಿ ಡಬ್ಬಿ ಕೊಂಡೆ. ಒಂದೇ ಒಂದು ಬಂತು.

ಮನೆಯಲ್ಲಿ ಅಕ್ಕ ಕೂತಿದ್ದಳು. ಬಂಡ್ರಿಯಿಂದ ಬಸ್ಸಿಗೆ ಬಂದಿದ್ದಳು. ಕೈಚೀಲ ಮಡಿಲಲ್ಲೇ ಇತ್ತು.

“ಓಬಳೇಶ ಫೋನ್ ಮಾಡಿದ್ದ. ಆ ಕೋರ್ಟ್ ಕಾಗದದಾಗ ನನ್ನ ಹೆಸರು ಐತೇನು?”

“ಐತಿ.”

“ಊರು?”

“ಅದೂ ಐತಿ.”

“ಅಂದ್ರ ನಾನೇ ಕೇಸ್ ಹಾಕಿದಂಗ ಆತು. ನಮ್ಮ ಓಣ್ಯಾಗ ಪಕೀರಮ್ಮನ ಮಗಳೂ ಅದನ್ನೇ ನುಂಗತಾಳ. ಆಕಿಗೆ ಏನಂತ ಹೇಳ್ಲಿ?”

ನೀಲಿ ಡಬ್ಬಿ ಟೇಬಲ್ ಮೇಲಿಟ್ಟೆ. “ನಿಂಗ ಇದನ್ನ ತಂದೀನಿ ಅಕ್ಕಾ. ಒಂದು ತಿಂಗಳಿಗೆ ಆಗ್ತದ.”

“ಆಮ್ಯಾಲೆ?”

ಡಬ್ಬಿಯನ್ನು ಅವಳ ಕಡೆ ಸರಿಸಿದೆ.

“ಕೇಸು ಎಳೀತದ ಅಂದ್ಕೊಂಡಿದ್ದೆ,” ಅಂದೆ. “ಅಪ್ಪನ ಕೇಸಿನಂಗ.”

ಅಕ್ಕ ನಕ್ಕಳು. ಆ ನಗು ಯಾರಿಗೂ ಬೇಡ.

“ಅಪ್ಪನ ಕೇಸು ಯಾಕ ಎಳೀತು ಗೊತ್ತೇನು? ಎದುರು ಪಾರ್ಟಿಗೆ ನಿನ್ನಂಥ ಮಗ ಸಿಕ್ಕಿರಲಿಲ್ಲ. ಸಿಕ್ಕಿದ್ರ ಒಂಬತ್ತು ದಿನಕ್ಕ ಮುಗೀತಿತ್ತು.”

ಎದ್ದಳು. ಚಪ್ಪಲಿ ಮೆಟ್ಟಿದಳು. ಬಾಗಿಲಿಗೆ ಅಡ್ಡ ನಿಂತೆ. ನನ್ನನ್ನು ಬಂಡ್ರಿ ಶಾಲೆಗೆ ಕೈಹಿಡಿದು ಒಯ್ದು ಕೂರಿಸಿದವಳು... ಅದೇ ಕೈಯಿಂದ ಪಕ್ಕಕ್ಕೆ ಸರಿಸಿ ಹೋದಳು.

ನೀಲಿ ಡಬ್ಬಿ ಟೇಬಲ್ ಮೇಲೇ ಇತ್ತು.

ಮರುದಿನ ಬಂಡ್ರಿಗೆ ಹೋದೆ. ಬಾಗಿಲು ತೆರೆಯಲಿಲ್ಲ. ಡಬ್ಬಿಯನ್ನು ಹೊಸ್ತಿಲ ಮೇಲಿಟ್ಟು ಬಂದೆ. ಸಂಜೆ ಬಸ್ ಕಂಡಕ್ಟರ್ ಅದನ್ನು ತಂದು ನನ್ನ ಕೈಗೆ ಕೊಟ್ಟ. ಅಕ್ಕ ಮತ್ತೆ ಈ ಮನೆಗೆ ಬರಲಿಲ್ಲ.

ವಾರದ ಮೇಲೆ ಮನೋಹರ್ ಫೋನ್ ಮಾಡಿದರು. ಖುಷಿಯಲ್ಲಿದ್ದರು.

“ಇನ್ನೊಂದು ಕೇಸಿದೆ ಹುಲುಗೇಶ್. ಸಕ್ಕರೆ ಕಾಯಿಲೆ ಗುಳಿಗೆ. ಚೀಟಿ ಬೇಕು. ಮನೆಯಲ್ಲಿ ಯಾರಿಗಾದರೂ ಇದೆಯಾ?”

“ಮನೆಯವರು ಅಂತ ಇದ್ದದ್ದು ಒಬ್ಬಳೇ ಸಾರ್,” ಅಂದೆ. “ಅವಳನ್ನ ನಿಮ್ಮ ಫೈಲಿಗೆ ಆಗಲೇ ಹಾಕಿಕೊಟ್ಟಿದ್ದೀನಿ.”