ದಾರಿಯಲ್ಲಿದ್ದ ಸರಕು

"ಕಳ್ಳತನವಾಗಿದೆ!"

ಪ್ರೊಫೆಸರ್ ಕೂಗಿದ ರಭಸಕ್ಕೆ ಗುಬ್ಬಿಯ ಕೈಯಲ್ಲಿದ್ದ ಚೀಟಿಗಳು ಚೆಲ್ಲಾಪಿಲ್ಲಿಯಾದವು. ಆ ಪ್ರಯೋಗಶಾಲೆಯಲ್ಲಿ ಕಳುವಾಗುವಂಥದ್ದಾದರೂ ಏನಿತ್ತು? ನಾಲ್ಕು ಮೇಜು, ನಾಲ್ಕು ಕುರ್ಚಿ, ಸಾಬೂನಿನ ಪೆಟ್ಟಿಗೆಗಳೆಂದು ನಂಬಿಕೊಳ್ಳಲು ಇಟ್ಟ ಮರದ ತುಂಡುಗಳು. ಎಲ್ಲವೂ ಇದ್ದಲ್ಲೇ ಇದ್ದವು.

"ಏನು ಹೋಯ್ತು ಮೇಡಂ?"

"ಗುಟ್ಟು ಹೋಯ್ತು! ಆಟದ ಗುಟ್ಟನ್ನ ಯಾರೋ ಹೊರಗೆ ಬಿಟ್ಟಿದ್ದಾರೆ. ನೋಡು ಈ ಬೇಡಿಕೆಯ ಗೆರೆ. ಬೆಟ್ಟ ಹತ್ತಿ ಇಳೀಬೇಕಾದ್ದು, ಚಾಪೆ ಥರ ಮಲಗಿದೆ!"

ಗುಬ್ಬಿ ಕಂಪ್ಯೂಟರಿನ ಪರದೆ ನೋಡಿದಳು. ಗೆರೆ ನಿಜಕ್ಕೂ ಮಲಗಿತ್ತು.

ಗುಬ್ಬಿ ಎನ್ನುವುದು ವಿಭಾಗದವರು ಇಟ್ಟ ಹೆಸರು. ಮೆಲ್ಲನೆ ಬರುತ್ತಾಳೆ, ಮೂಲೆಯಲ್ಲಿ ಕೂರುತ್ತಾಳೆ, ಕೈ ತಟ್ಟಿದರೆ ಬೆಚ್ಚುತ್ತಾಳೆ. ಪ್ರೊಫೆಸರ ಬಳಿ ಸಂಶೋಧನೆಗೆಂದು ಸೇರಿದವಳು. ಪ್ರೊಫೆಸರ ಇಡೀ ಜೀವಮಾನದ ಹೆಸರು ನಿಂತದ್ದು ಒಂದೇ ಆಟದ ಮೇಲೆ. ಗುಬ್ಬಿಯ ಪದವಿ ನೇತಾಡುತ್ತಿದ್ದದ್ದೂ ಅದಕ್ಕೇ.

ಆಟ ಸುಲಭ. ಒಬ್ಬ ಅಂಗಡಿಯವನು, ಒಬ್ಬ ಸಗಟು ವ್ಯಾಪಾರಿ, ಒಬ್ಬ ಗೋದಾಮಿನವನು, ಒಬ್ಬ ಕಾರ್ಖಾನೆಯವನು. ನಾಲ್ವರೂ ಮಾತಾಡುವ ಹಾಗಿಲ್ಲ. ಹಿಂದಿನವನಿಗೆ ಚೀಟಿಯಲ್ಲಿ ಬೇಡಿಕೆ ಬರೆದು ಕಳಿಸಬೇಕು. ಸರಕು ತಡವಾಗಿ ಬರುತ್ತದೆ. ಗಿರಾಕಿಗಳು ಒಂದೇ ಒಂದು ಸಲ ಸ್ವಲ್ಪ ಹೆಚ್ಚು ಕೇಳುತ್ತಾರೆ, ಆಮೇಲೆ ಕೊನೆತನಕ ಅಷ್ಟೇ. ಅದೇ ಗುಟ್ಟು. ಗೊತ್ತಿಲ್ಲದವರು ಗಾಬರಿಬಿದ್ದು ಮತ್ತೆ ಮತ್ತೆ ತರಿಸುತ್ತಾರೆ. ಕೊನೆಗೆ ಎಲ್ಲವೂ ಒಟ್ಟಿಗೆ ಬಂದು ತಲೆಯ ಮೇಲೆ ಬೀಳುತ್ತದೆ. "ಮನುಷ್ಯ ಕೈಯಲ್ಲಿರೋದನ್ನ ಎಣಿಸ್ತಾನೆ, ದಾರಿಯಲ್ಲಿರೋದನ್ನ ಮರೀತಾನೆ" ಎಂದು ಪ್ರೊಫೆಸರ್ ಪ್ರತಿ ಭಾಷಣದಲ್ಲೂ ಹೇಳುತ್ತಿದ್ದರು.

ಈ ಫಲಿತಾಂಶ ನಿಜವೇ ಎಂದು ಯಾರೋ ಅನುಮಾನ ಎತ್ತಿದರು. ಆಟವನ್ನು ಮತ್ತೆ ಆಡಿಸಿ ತೋರಿಸಿ ಎಂದು ಸಂಶೋಧನಾ ಪತ್ರಿಕೆಯ ಸಂಪಾದಕರು ಕೇಳಿದರು. ಆಡಿಸಿದರು. ಇನ್ನೂ ಕೆಲವು ಆಟ ಬಾಕಿ, ಆದರೆ ಈಗಲೇ ನೋಡಿದರೆ ಯಾರೂ ಗಾಬರಿ ಬಿದ್ದಂತೆಯೇ ಇಲ್ಲ!

"ಗುಟ್ಟು ಗೊತ್ತಿದ್ದವರು ನನ್ನ ಬಿಟ್ರೆ ಮೂರೇ ಜನ," ಎಂದರು ಪ್ರೊಫೆಸರ್. "ಮೇಧಾವಿ, ಗುಮಾಸ್ತ, ನೀನು."

"ಮೇಡಂ, ನಾನು ಯಾಕೆ—"

"ನಾಳೆ ನಿರ್ದೇಶಕರಿಗೆ ಬರೀಲೇಬೇಕು. ಯಾರ ಹೆಸರು ಬರೀಲಿ, ನೀನೇ ಹೇಳು."

ಗುಬ್ಬಿಯ ಕಣ್ಣು ತುಂಬಿತು. ಅಳುವಿಗಿಂತ ಹೆಚ್ಚಾಗಿ ಸಿಟ್ಟು. ನಾಲ್ಕು ವರ್ಷ ಮರದ ತುಂಡು ಎಣಿಸಿದ್ದಕ್ಕೆ ಇದೇನಾ ಉಡುಗೊರೆ? ಅಷ್ಟರಲ್ಲಿ ಹಿತ್ತಲ ಕಡೆಯಿಂದ ಧಡ್ ಧಡ್ ಎಂದು ಬಡಿದ ಸದ್ದು. ಎರಡು ದಿನದಿಂದ ಹೀಗೇ.

"ಆ ರಿಪೇರಿಯವರಿಗೆ ಬೇರೆ ಹೊತ್ತೇ ಸಿಗಲ್ವಾ!" ಪ್ರೊಫೆಸರ್ ಕಿಟಕಿ ಮುಚ್ಚಿದರು.

"ಅತ್ತಿಗೆ, ಮನೆ ಕೀಲಿಕೈ ಕೊಡಿ. ಹೊರಗೇ ನಿಂತು ನಿಂತು ಕಾಲು ಮರಗಟ್ಟಿತು."

ಬಾಗಿಲಲ್ಲಿ ನಿಂತವಳು ಪ್ರೊಫೆಸರ ನಾದಿನಿ. ವಿಮಾ ಕಂಪನಿಯಲ್ಲಿ ಅವಳ ಕೆಲಸ. ಬೆಂಕಿಬಿದ್ದ ಗೋದಾಮಿಗೆ ಹೋಗಿ, ಬೆಂಕಿ ತಾನಾಗಿ ಬಿತ್ತೋ ಮಾಲೀಕನೇ ಇಟ್ಟನೋ ಎಂದು ಪತ್ತೆಹಚ್ಚುವುದು. ಬೂದಿಯ ನಡುವೆ ಓಡಾಡಿ ಓಡಾಡಿ ಅವಳಿಗೆ ಯಾರ ಮಾತೂ ಪೂರ್ತಿ ನಂಬದ ಅಭ್ಯಾಸ. ಸಂಗತಿ ಕೇಳಿದ್ದೇ ಕೀಲಿಕೈ ಮರೆತು ಕುರ್ಚಿ ಎಳೆದುಕೊಂಡಳು.

"ಮೂರು ಜನಾನೂ ಕರೀರಿ."

ಮೊದಲು ಬಂದವನು ಮೇಧಾವಿ. ಪಕ್ಕದ ಕೋಣೆಯ ಕಿರಿಯ ಅಧ್ಯಾಪಕ. ಮನುಷ್ಯರ ಬದಲು ಯಂತ್ರವೇ ಸರಕು ತರಿಸಬೇಕೆಂದು ವಾದಿಸುವವನು.

"ಅತ್ತಿಗೆಯ ಆಟ ಕೆಟ್ರೆ ನಿಮಗೆ ಖುಷಿ ಅಲ್ವಾ?"

"ಕೆಟ್ರೆ ನನಗೇ ನಷ್ಟ! ಮನುಷ್ಯರು ಗಾಬರಿ ಬೀಳ್ತಾರೆ ಅಂತ ಸಾಬೀತಾದ್ರೆ ತಾನೇ ನನ್ನ ಯಂತ್ರ ಬೇಕಾಗೋದು?"

ಸುಳ್ಳೆನಿಸಲಿಲ್ಲ. ಮುಂದೆ ಗುಮಾಸ್ತ. ಆಟಕ್ಕೆ ಹುಡುಗ ಹುಡುಗಿಯರನ್ನು ಕರೆಸುವವನು.

"ಎಲ್ಲಿಂದ ಕರೆಸ್ತೀರಿ?"

"ದಿನಕ್ಕೊಂದು ಕಾಲೇಜು ಮೇಡಂ. ಒಂದು ಕಾಲೇಜಿನವರ ಪರಿಚಯ ಇನ್ನೊಂದು ಕಾಲೇಜಿನವರಿಗೆ ಇರಲ್ಲ. ಒಳಗೆ ಏನು ನಡೆಯುತ್ತೆ ಅಂತ ನಾನು ಬಾಯಿ ಬಿಟ್ಟಿದ್ರೆ ನನ್ನ ನಾಲಿಗೆ ಸೇದ್ಹೋಗ್ಲಿ."

"ಕಾಯೋದೆಲ್ಲಿ?"

"ಮುಂದಿನ ಬೆಂಚಲ್ಲಿ. ಪಾಪ, ಕಾದು ಕಾದು ಗೊಣಗ್ತಾರೆ. ಇನ್ನೂ ಎಷ್ಟೊತ್ತು ಅಂತ ನನ್ನ ಜೀವ ತಿಂತಾರೆ."

"ಕೇಳ್ತಾ ಕೂತಿದ್ದೀಯಲ್ಲ, ಇದಕ್ಕೂ ಅದಕ್ಕೂ ಏನು ಸಂಬಂಧ?" ಪ್ರೊಫೆಸರ್ ಸಿಡುಕಿದರು. "ನೇರ ಇವಳನ್ನ ಕೇಳು."

ನಾದಿನಿ ಗುಬ್ಬಿಯತ್ತ ತಿರುಗಿದಳು. ಗುಬ್ಬಿ ಒಂದು ಹೆಜ್ಜೆ ಹಿಂದೆ ಸರಿದಳು.

"ಹೆದರಬೇಡಮ್ಮ. ಆಡಿದವರೆಲ್ಲ ಶಾಂತವಾಗೇ ಇದ್ರಾ? ಒಬ್ರೂ ಗಾಬರಿ ಬೀಳಲಿಲ್ವಾ?"

ಗುಬ್ಬಿ ನೆನಪಿಸಿಕೊಂಡಳು. ನೆನಪಿಗೆ ಬಂದದ್ದು ಒಬ್ಬ ಸಗಟು ವ್ಯಾಪಾರಿ, ಉಗುರು ಕಚ್ಚಿ ಕಚ್ಚಿ ರಕ್ತ ಬರಿಸಿಕೊಂಡವನು. ಆಮೇಲೊಬ್ಬಳು, ಚೀಟಿ ಹರಿದು ಎಸೆದವಳು. "ಬಿದ್ರು ಆಂಟಿ. ಬೆಳಗ್ಗೆ ಮೊದಲು ಆಡೋರು ಯಾವಾಗಲೂ ಬೀಳ್ತಿದ್ರು. ಮಧ್ಯಾಹ್ನದ ಹೊತ್ತಿಗೆ ಬಂದೋರು ಹಾಡು ಗುನುಗ್ತಾ ಆಡೋರು."

"ಪ್ರತಿದಿನವೂ?"

"ಹ್ಞೂಂ. ಪ್ರತಿದಿನವೂ."

"ಅತ್ತಿಗೆ, ಇದನ್ನ ನೀವು ನೋಡಲಿಲ್ವಾ?"

"ನಾನು ಎಲ್ಲ ಸೇರಿಸಿ ಸರಾಸರಿ ತೆಗೆದೆ," ಎಂದರು ಪ್ರೊಫೆಸರ್, ಸ್ವಲ್ಪ ಮೆತ್ತಗೆ.

ನಾದಿನಿ ಎದ್ದಳು. ಮರುದಿನ ಮಧ್ಯಾಹ್ನದ ಆಟಕ್ಕೆ ಬಂದ ಹುಡುಗರ ನಡುವೆ ಬೆಂಚಿನ ತುದಿಯಲ್ಲಿ ಕಣ್ಣುಮುಚ್ಚಿ ಕೂತದ್ದು ಅವಳೇ. ಒಳಗಿದ್ದವರ ಆಟ ಮುಗಿಯಿತು. ಬಾಗಿಲು ತೆರೆಯಿತು. ಹೊರಬಂದ ಹುಡುಗಿಯೊಬ್ಬಳ ಕೈ ಹಿಡಿದು ಬೆಂಚಿನ ಹುಡುಗ ಕೇಳಿದ: "ಏನೇ ಅದು ಒಳಗೆ? ಕೂತು ಕೂತು ಬೇರು ಬಿಟ್ಟಿದೀವಿ."

"ಏನಿಲ್ವೋ, ಸಾಬೂನು ಮಾರೋದು. ನಾವು ಸುಮ್ನೆ ಹೆದರಿ ಗುಡ್ಡೆ ಹಾಕ್ಕೊಂಡ್ವಿ. ಗಿರಾಕಿಗಳು ಒಂದೇ ಸಮ ಇರ್ತಾರೆ, ನೀನು ತಲೆ ಕೆಡಿಸ್ಕೋಬೇಡ. ಆಂಟಿ, ನೀವೂ ಅಷ್ಟೇ!"

ನಾದಿನಿ ಕಣ್ಣು ತೆರೆದಳು. ನಕ್ಕಳು.

ಸಂಜೆ ಎಲ್ಲರೂ ಪ್ರಯೋಗಶಾಲೆಯಲ್ಲಿ ಸೇರಿದರು. ನಿರ್ದೇಶಕರಿಗೆ ಬರೆಯಬೇಕಾದ ಕಾಗದ ಪ್ರೊಫೆಸರ ಮುಂದೆ ಖಾಲಿ ಬಿದ್ದಿತ್ತು. ಗುಬ್ಬಿ ಗೋಡೆಗೆ ಅಂಟಿಕೊಂಡು ನಿಂತಿದ್ದಳು.

"ಈ ಮೂವರಲ್ಲಿ ಯಾರಾದ್ರೂ ಗುಟ್ಟು ಬಿಟ್ಟಿದ್ರೆ ಬೆಳಗಿನವರಿಗೂ ಗೊತ್ತಿರ್ತಿತ್ತು," ಎಂದಳು ನಾದಿನಿ. "ಅವರಿಗೆ ಗೊತ್ತಿಲ್ಲ. ಅಂದ್ರೆ ಗುಟ್ಟು ದಿನಾ ಇಲ್ಲೇ ಹುಟ್ಟಿ, ಇಲ್ಲೇ ಹರಡಿ, ಸಂಜೆಗೆ ಮನೆಗೆ ಹೋಗ್ತಿದೆ. ಆಡಿ ಬಂದವರು ಕಾಯೋರಿಗೆ ಹೇಳ್ತಿದ್ದಾರೆ. ಎಷ್ಟೊತ್ತು ಅಂತ ಗೊತ್ತಿಲ್ದೆ ಕಾಯೋನು ಸಿಕ್ಕಸಿಕ್ಕವರನ್ನೆಲ್ಲ ಕೇಳ್ತಾನೆ. ಇದನ್ನ ನಿಮ್ಮ ಬಾಯಲ್ಲೇ ಕೇಳಿದ್ದು ಅತ್ತಿಗೆ, ಊಟಕ್ಕೆ ಕೂತಾಗ."

"ಸಾಧ್ಯವೇ ಇಲ್ಲ! ಆಡಿದವರು ಹಿಂಬಾಗಿಲಿಂದ ಹೋಗ್ತಾರೆ. ಕಾಯೋರ ಕಣ್ಣಿಗೇ ಬೀಳಬಾರದು ಅಂತ ಇಪ್ಪತ್ತು ವರ್ಷದಿಂದ ನಾನೇ ಮಾಡಿದ ಏರ್ಪಾಡು!"

"ಈ ಸಲ ಹೋದ್ರಾ? ಗುಬ್ಬೀ?"

ಗುಬ್ಬಿ ನೋಡಿರಲಿಲ್ಲ. ಆಟ ಮುಗಿದ ಕೂಡಲೇ ಬೆನ್ನು ತಿರುಗಿಸಿ ಮರದ ತುಂಡು ಎಣಿಸಲು ಕೂರುತ್ತಿದ್ದವಳು ಅವಳು. ಗುಮಾಸ್ತ ಕೆಮ್ಮಿದ.

"ಹಿಂದೆ ಜಾಗ ಎಲ್ಲಿದೆ ಮೇಡಂ? ಇಲಿ ನುಗ್ಗೋದೂ ಕಷ್ಟ. ಮುಂದಿಂದಾನೇ ಕಳಿಸ್ತಿದ್ದೆ."

ನಾದಿನಿ ಹಿಂದಿನ ಓಣಿಯ ದೀಪ ಹಾಕಿದಳು. ನೆಲದಿಂದ ಸೂರಿನವರೆಗೆ ರಟ್ಟಿನ ಪೆಟ್ಟಿಗೆಗಳು. ಹಿಂಬಾಗಿಲಿನ ಚಿಲಕ ಕೂಡ ಕಾಣುತ್ತಿರಲಿಲ್ಲ.

"ಏನಿದೆ ಇವುಗಳಲ್ಲಿ?"

"ಮೇಜುಗಳ ಮಧ್ಯೆ ಇಡೋ ಅಡ್ಡಪರದೆ," ಎಂದರು ಪ್ರೊಫೆಸರ್. "ಆಡೋರು ಒಬ್ಬರನ್ನೊಬ್ಬರು ನೋಡಬಾರದು, ಗುಟ್ಟು ಉಳೀಬೇಕು ಅಂತ ನಾನೇ ತರಿಸಿದ್ದು."

"ಮೇಜು ಎಷ್ಟು?"

"ನಾಲ್ಕು."

"ಮತ್ತೆ ಇಷ್ಟೊಂದು ಯಾಕೆ ಅತ್ತಿಗೆ?"

ಪ್ರೊಫೆಸರ ಮುಖದಲ್ಲಿ ಮೊದಲು ಸಿಟ್ಟು ಬಂತು, ಆಮೇಲೆ ಬಣ್ಣ ಇಳಿಯಿತು.

"ಹೇಳಿದ ದಿನಕ್ಕೆ ಬರಲಿಲ್ಲ. ಮತ್ತೆ ಫೋನ್ ಮಾಡಿ ಹೇಳಿದೆ. ಆಗಲೂ ಬರಲಿಲ್ಲ. ಅರ್ಧವಾದ್ರೂ ಕೊಡ್ಲಿ ಅಂತ ಎರಡರಷ್ಟು ಹೇಳಿದೆ. ಎಲ್ಲಾ ಒಂದೇ ದಿನ ಬಂದು..."

ಮೇಧಾವಿ ಬಾಯಿಗೆ ಕೈ ಅಡ್ಡಹಿಡಿದ.

"ಗುಟ್ಟು ಕಾಯೋಕೆ ತರಿಸಿದ ಪರದೆಗಳೇ ಗುಟ್ಟಿಗೆ ಮುಂದಿನ ಬಾಗಿಲು ತೋರಿಸಿದ್ದು. ಕಳ್ಳ ಸಿಕ್ಕ ಅತ್ತಿಗೆ. ಹೆಸರು ಬರ್ಕೊಳ್ಳಿ, ನಿಮ್ಮದೇ."

ಗುಬ್ಬಿ ಕಾದಳು. ಕ್ಷಮೆ ಬರಬಹುದೇ? ಬರಲಿಲ್ಲ. ಪ್ರೊಫೆಸರ್ ಖಾಲಿ ಕಾಗದವನ್ನು ಮುದ್ದೆ ಮಾಡಿದರು, ಸೆರಗು ಸೊಂಟಕ್ಕೆ ಸಿಕ್ಕಿಸಿದರು, ಮೇಲಿನ ಪೆಟ್ಟಿಗೆಗೆ ಕೈ ಹಾಕಿದರು.

"ನಿಂತು ನೋಡ್ತೀಯೇನೇ? ಹಿಡಿ. ಬೆಳಗಿನವರ ಗೆರೆ ಹೇಗಿದೆ?"

"ಬೆಟ್ಟ, ಮೇಡಂ. ನೆಟ್ಟಗೆ ಬೆಟ್ಟ."

"ಮತ್ತೆ ಆಡಿಸೋಣ. ಮೊದಲಿಂದ." ಒಂದು ಪೆಟ್ಟಿಗೆ ಇಳಿಸಿ, ಅವಳ ಮುಖ ನೋಡದೆಯೇ, "ಲೇಖನದಲ್ಲಿ ನಿನ್ನ ಹೆಸರು ನನ್ನ ಹೆಸರಿಗಿಂತ ಮುಂದೆ ಬರೀಬೇಕು. ನೆನಪಿಸು."

ಗುಬ್ಬಿಯ ಸಿಟ್ಟು ಪೂರ್ತಿ ಇಳಿಯಲಿಲ್ಲ. ಆದರೂ ಪೆಟ್ಟಿಗೆ ಹಿಡಿದಳು.

ಬೆವರು ಸುರಿಸಿ ಓಣಿ ಬಿಡಿಸುವ ಹೊತ್ತಿಗೆ ಮತ್ತದೇ ಸದ್ದು. ಧಡ್ ಧಡ್. ರಿಪೇರಿಯವರದಲ್ಲ. ಬಾಗಿಲಿನದೇ! ಗುಬ್ಬಿ ಚಿಲಕ ಸರಿಸಿದಳು.

ಹೊರಗೆ ವ್ಯಾನು ನಿಂತಿತ್ತು. ಡ್ರೈವರ್ ಕೆಂಪುಕಣ್ಣು ಬಿಟ್ಟ.

"ಮೂರು ದಿನದಿಂದ ಬಡೀತಿದೀನಿ ಕಣಮ್ಮ, ಕಿವಿ ಕೇಳಿಸಲ್ವಾ ಇಲ್ಲಿ ಯಾರಿಗೂ? ಇನ್ನೊಂದು ಲೋಡು ಅರ್ಜೆಂಟಾಗಿ ಬೇಕು ಅಂತ ಆ ಪ್ರೊಫೆಸರಮ್ಮ ಫೋನ್ ಮಾಡಿದ್ರಂತೆ. ಪರದೆ. ಎಲ್ಲಿ ಇಳಿಸ್ಲಿ?"