ಮನೆ ತಪ್ಪಿದ ಅಕ್ಷರಗಳು

ಬಹಳ ಹಿಂದೆ, ಅಕ್ಷರಗಳಿಗೆ ಕಾಲಿದ್ದ ಕಾಲದಲ್ಲಿ, ಲೇಖಾವತಿ ಎಂಬ ರಾಜ್ಯವಿತ್ತು. ಅದರ ಅರಮನೆಯಲ್ಲಿ ಒಂದು ಮಾಯಾಪೀಠ. ಪೀಠದೊಳಗೆ ಸಾಲುಮನೆಗಳು; ಮನೆಗೊಂದು ಸಂಖ್ಯೆ, ಮನೆಗೊಂದು ಅಕ್ಷರ. ರಾಜ ಓಲೆ ಬರೆದು ಮೇಲಿಟ್ಟರೆ ಪೀಠ ಸಂಖ್ಯೆ ಕೂಗುತ್ತಿತ್ತು, ಆ ಮನೆಯ ಅಕ್ಷರ ಓಡಿಬಂದು ಸಾಲಿನಲ್ಲಿ ಕೂತು ಅಚ್ಚಾಗುತ್ತಿತ್ತು. ರಾಜರು ಆಡಿದ ಮಾತಿಗೆ ತಪ್ಪುತ್ತಾರೆಂದು ಮುತ್ತಜ್ಜನ ಕಾಲದಲ್ಲೇ ಒಂದು ಕಟ್ಟಳೆಯಾಗಿತ್ತು: ಪೀಠ ಅಚ್ಚು ಹಾಕಿದ್ದೇ ಆಜ್ಞೆ, ರಾಜ ಬಾಯಲ್ಲಿ ಹೇಳಿದ್ದು ಬರೀ ಗಾಳಿ.

ಆ ಅಕ್ಷರಗಳನ್ನು ಕೆತ್ತಿದವನು ಮಾಳೋಜ ಎಂಬ ಮುದುಕ. ಅವನ ಮಗಳು ಬೊಮ್ಮಕ್ಕ, ಉಳಿ ಹಿಡಿದರೆ ತಂದೆಗಿಂತ ಒಂದು ಕೈ ಮೇಲು.

ಒಂದು ದಿನ ಜಟಿಲಕನೆಂಬ ಮಾಂತ್ರಿಕ ಆಸ್ಥಾನಕ್ಕೆ ಬಂದ. "ಪ್ರಭು, ನಿಮ್ಮ ಅಕ್ಷರಗಳು ಹಳತಾದವು. ನನ್ನವು ಹೊಳೆಯುತ್ತವೆ. ಸಂಖ್ಯೆಗಳೂ ಹೊಸವು" ಎಂದ.

"ಸಂಖ್ಯೆ ಬದಲಾಯಿಸುವುದು ಏಕೆ?" ಎಂದು ಮಾಳೋಜ ಕೇಳಿದ.

"ಹೊಸದು ಬಂದಿದೆಯಲ್ಲ, ಅದಕ್ಕೆ" ಎಂದ ಜಟಿಲಕ.

ರಾಜ ಪದ್ಮಧರನಿಗೆ ಈ ಉತ್ತರ ಬಹಳ ಹಿಡಿಸಿತು. ಮಾಂತ್ರಿಕ ಹೊಸ ಅಕ್ಷರಗಳನ್ನು ತುಂಬಿದ, ಒತ್ತಕ್ಷರಗಳನ್ನು ಊರಾಚೆಗೆ ಅಟ್ಟಿದ, ಹಳೆಯ ಸಂಖ್ಯೆಗಳ ಹೊತ್ತಿಗೆಯನ್ನು ಕಂಕುಳಲ್ಲಿಟ್ಟುಕೊಂಡು ತನ್ನ ಗವಿಗೆ ಹೋದ. ಇನ್ನು ರಾಜ್ಯವೆಲ್ಲ ತನ್ನ ಬಾಗಿಲಿಗೇ ಬರಬೇಕೆಂಬುದು ಅವನ ಹಂಚಿಕೆ.

ಮರುದಿನ ಅಗಸರಿಗೆ ಹತ್ತು ಕತ್ತೆ ಕೊಡಿ ಎಂದು ರಾಜ ಬರೆದ. ಹತು ಕತೆ ಕೊಡಿ ಎಂದು ಅಚ್ಚಾಯಿತು. ಭಂಡಾರಿ ಹತ್ತು ಕತೆ ಹೇಳಿ ಕಳಿಸಿದ. ನೇಕಾರನೊಬ್ಬನಿಗೆ ಮಗ್ಗದ ಬದಲು ಮಗ ಸಿಕ್ಕ. ಅವನಿಗಾಗಲೇ ಮೀಸೆ ಬಂದಿತ್ತು, ಊಟವೂ ಜೋರಾಗಿತ್ತು. ಅಕ್ಷರಗಳೂ ದಿನಕ್ಕೊಂದು ಬಗೆಯಲ್ಲಿ ಮನೆ ತಪ್ಪತೊಡಗಿದವು. ರಾಜಕುಮಾರಿಗೆ ವರ ಬೇಕೆಂದು ದೇಶದೇಶಕ್ಕೆ ಓಲೆ ಹೋದರೆ, ಮರ ಬೇಕೆಂದು ಓದಿಕೊಂಡವರು ತೇಗದ ದಿಮ್ಮಿಗಳನ್ನು ಕಳಿಸಿದರು. ರಾಜಕುಮಾರಿ ಅವನ್ನು ಸುತ್ತಿ ನೋಡಿ, "ಹೋದ ವರ್ಷ ಬಂದವರಿಗಿಂತ ವಾಸಿ" ಎಂದಳು.

ರಾಜ ಸಿಟ್ಟಿಗೆದ್ದು ಮಾಳೋಜನಿಗೆ ಸೆರೆ ಎಂದು ಬರೆದ. ಅದೊಂದು ಮಾತ್ರ ತಪ್ಪಿಲ್ಲದೆ ಅಚ್ಚಾಯಿತು. ಮೂರು ದಿನ ಯೋಚಿಸಿದ ಮೇಲೆ ಮುದುಕನ ತಪ್ಪೇನೂ ಇಲ್ಲವೆಂದು ಹೊಳೆದು, "ಇವನನ್ನು ಬಿಡಿ" ಎಂದು ಬರೆದ.

"ಇವನನು ಕಡಿ" ಎಂದು ಅಚ್ಚಾಯಿತು.

ಬೊಮ್ಮಕ್ಕ ಕೊಡಲಿ ಹಿಡಿಯುವ ಭೈರಣ್ಣನ ಬಳಿಗೆ ಓಡಿದಳು. ಅವನು ಒಳ್ಳೆಯವನೇ. "ನಾನು ಓದಿದ್ದನ್ನು ಮಾಡುವವನು, ತಾಯಿ. ನಾಳಿದ್ದು ನಡುಹಗಲಿಗೆ. ಅಷ್ಟರಲ್ಲಿ ಬೇರೆ ಅಚ್ಚು ತಂದರೆ ಅದನ್ನೇ ಓದುತ್ತೇನೆ" ಎಂದ.

ಬೊಮ್ಮಕ್ಕ ಉಳಿಯನ್ನೂ ಒಂದು ತುಂಡು ಬಳಪವನ್ನೂ ಸೆರಗಿಗೆ ಕಟ್ಟಿಕೊಂಡು ಗವಿಯ ದಾರಿ ಹಿಡಿದಳು.

ಮೊದಲ ತಿರುವಿನಲ್ಲಿ ಚೌಕಭೂತ ಅಡ್ಡ ನಿಂತಿತ್ತು. ಮೈಯೆಲ್ಲ ಖಾಲಿ ಚೌಕ, ಮುಖವೂ ಖಾಲಿ ಚೌಕ. "ನನಗೆ ಗೊತ್ತಿಲ್ಲದವರನ್ನೆಲ್ಲ ಚೌಕ ಮಾಡುತ್ತೇನೆ" ಎಂದಿತು.

"ನಿನಗೆ ಯಾರು ಗೊತ್ತು?"

"ಯಾರೂ ಇಲ್ಲ. ಕಣ್ಣಿದ್ದರಲ್ಲವೆ ಗುರುತಾಗುವುದು. ನನ್ನ ಮುಖವನ್ನು ಯಾರೂ ಬರೆಯಲೇ ಇಲ್ಲ."

ಬೊಮ್ಮಕ್ಕ ಬಳಪ ತೆಗೆದು ಎರಡು ಕಣ್ಣು, ಒಂದು ಮೂಗು ಬರೆದಳು. ಬಾಯಿಯ ಮೂಲೆಯನ್ನು ಚೂರು ಮೇಲಕ್ಕೆಳೆದಳು. ಭೂತ ಪಕ್ಕದ ಹೊಂಡದಲ್ಲಿ ತನ್ನನ್ನು ನೋಡಿಕೊಳ್ಳುತ್ತ ಕೂತೇಬಿಟ್ಟಿತು. ಅವಳು ದಾಟಿದಳು.

ಎರಡನೆಯ ತಿರುವಿನಲ್ಲೊಂದು ಸೇತುವೆ, ಅದರ ಕೆಳಗೆ ಒತ್ತಕ್ಷರಗಳು ಮುನಿಸಿಕೊಂಡು ಕೂತಿದ್ದವು. ಅವು ಕೈಹಿಡಿದು ಎತ್ತಿದ ಹೊರತು ಆ ಸೇತುವೆ ಯಾರ ಕಾಲಿಗೂ ನಿಲ್ಲುತ್ತಿರಲಿಲ್ಲ.

"ಊರಿಗೆ ಬನ್ನಿ" ಎಂದಳು ಬೊಮ್ಮಕ್ಕ.

"ಬರುವುದಿಲ್ಲ. ಹುಟ್ಟಿದಾಗಿನಿಂದ ದೊಡ್ಡವರ ಕಾಲ ಕೆಳಗೇ ಆಯಿತು ನಮ್ಮ ಬಾಳು."

"ನೀವಿಲ್ಲದೆ ಊರಿನಲ್ಲಿ ಅಣ್ಣನೂ ಇಲ್ಲ, ಅಕ್ಕನೂ ಇಲ್ಲ. ಅಮ್ಮ ಎಂದು ಕೂಗಲಾಗದೆ ಮಕ್ಕಳು ಬಿಕ್ಕುತ್ತಿವೆ. ಬಿಕ್ಕುವುದಕ್ಕೂ ನೀವೇ ಬೇಕು" ಎಂದಳು.

ಒತ್ತುಗಳು ಮುಖಮುಖ ನೋಡಿಕೊಂಡು ಎದ್ದವು, ಸೇತುವೆ ಎತ್ತಿ ಹಿಡಿದು ಅವಳನ್ನು ದಾಟಿಸಿ ಜೊತೆಗೆ ಹೊರಟವು. ಅರ್ಕಾವತ್ತು ಮಾತ್ರ ಎಲ್ಲರಿಗಿಂತ ಹಿಂದೆ ಬಂತು. "ಉಚ್ಚರಿಸುವಾಗ ನಾನೇ ಮೊದಲು, ಬರೆಯುವಾಗ ಕೊನೆ. ನನಗೆ ಅಭ್ಯಾಸವಾಗಿದೆ" ಎಂದಿತು.

ಮೂರನೆಯ ತಿರುವಿನಲ್ಲಿ ಗವಿ. ಜಟಿಲಕ ಮಂತ್ರಪುಸ್ತಕ ತೆರೆದು, ಅವಳತ್ತ ಕೈಚಾಚಿ, "ಕಪೆಯಾಗು" ಎಂದ.

ಏನೂ ಆಗಲಿಲ್ಲ. "ಕಪೆ ಅಂದರೇನು?" ಎಂದಳು ಬೊಮ್ಮಕ್ಕ.

ಜಟಿಲಕ ಪುಸ್ತಕವನ್ನು ಕಣ್ಣಿನ ಹತ್ತಿರ ಹಿಡಿದ. ಆ ಪುಸ್ತಕವೂ ಹಳೆಯ ಸಂಖ್ಯೆಗಳಲ್ಲಿ ಬರೆದದ್ದು. ಅವನು ಸಂಖ್ಯೆ ಬದಲಿಸಿದ ದಿನವೇ ಅದೂ ಕೆಟ್ಟಿತ್ತು. "ನನಗೂ ಗೊತ್ತಾಗುತ್ತಿಲ್ಲ" ಎಂದು ಅವನು ಕುಸಿದು ಕೂತ. "ಒಲೆ ಹಚ್ಚುವ ಮಂತ್ರ ಹೇಳಿದರೆ ಓಲೆ ಬರುತ್ತದೆ. ಅಂದಿನಿಂದ ಹಸಿ ಗೆಣಸನ್ನೇ ತಿನ್ನುತ್ತಿದ್ದೇನೆ. ಇದನ್ನೆಲ್ಲ ಸರಿಮಾಡುವ ಮಂತ್ರವೂ ಇದರಲ್ಲೇ ಇದೆ."

"ಹಳೆಯ ಹೊತ್ತಿಗೆ ಕೊಡು. ಮಂತ್ರಪುಸ್ತಕವನ್ನೂ ಕೊಡು. ಊರಿಗೆ ಬಂದರೆ ಬಿಸಿ ಅನ್ನ ಹಾಕುತ್ತೇನೆ."

ಅವನು ಎರಡನ್ನೂ ಕೊಟ್ಟು ಅವಳ ಹಿಂದೆ ನಡೆದ.

ನಡುಹಗಲಿಗೆ ಗಳಿಗೆಯಷ್ಟೇ ಉಳಿದಿತ್ತು. ಅಂಗಳದಲ್ಲಿ ಮಾಳೋಜ ತಲೆಬಾಗಿ ಕೂತಿದ್ದ. ಬೊಮ್ಮಕ್ಕ ಅತ್ತ ನೋಡಲಿಲ್ಲ. ಹೊತ್ತಿಗೆ ಬಿಡಿಸಿ ಒಂದೊಂದೇ ಸಂಖ್ಯೆ ಕೂಗಿದಳು. ಅಕ್ಷರಗಳು ಒಂದೊಂದಾಗಿ ತಮ್ಮ ಮನೆ ಸೇರಿದವು, ಒತ್ತುಗಳು ಕೆಳಗೆ ಸೇರಿಕೊಂಡವು. ರಾಜ ಮತ್ತೆ ಬರೆದ. ಪೀಠ ಗಡಗಡ ಎಂದು ಅಚ್ಚು ಹಾಕಿತು.

ಭೈರಣ್ಣ ಎತ್ತಿದ ಕೊಡಲಿಯನ್ನು ಹಾಗೇ ಹಿಡಿದು ಓದಿದ. "ಬಿಡಿ ಎಂದಿದೆ. ಕೊಡಲಿಯನ್ನೋ, ಇವನನ್ನೋ?"

"ಮೊದಲ ಪದ ಓದು, ಅಣ್ಣ" ಎಂದಳು ಬೊಮ್ಮಕ್ಕ.

"ಇವನನ್ನು" ಎಂದು ಓದಿದ ಭೈರಣ್ಣ, ಕೊಡಲಿಯನ್ನು ಮೆಲ್ಲಗೆ ಪಕ್ಕಕ್ಕಿಟ್ಟು ಮುದುಕನನ್ನು ಎಬ್ಬಿಸಿದ.

ಮಾಳೋಜ ಮಗಳನ್ನು ತಬ್ಬಿಕೊಂಡ. ಬಹಳ ಹೊತ್ತಿನ ಮೇಲೆ ಅವಳ ಹೆಗಲ ಮೇಲಿಂದ ಓಲೆಯನ್ನು ನೋಡಿ, "ಬಿ ಸ್ವಲ್ಪ ಓರೆಯಾಗಿ ಕೂತಿದೆ" ಎಂದ. ಆಗ ಬೊಮ್ಮಕ್ಕನಿಗೆ ಅಳು ಬಂತು.

ರಾಜ ಒಂದು ಹೊಸ ಕಟ್ಟಳೆ ಅಚ್ಚು ಹಾಕಿಸಿದ: ಪೀಠದಲ್ಲಿ ಏನೇ ಹೊಸದು ಬಂದರೂ ಮೊದಲ ಒಂದು ತಿಂಗಳು ಅದರಲ್ಲಿ ರಾಜನ ಊಟದ ಪಟ್ಟಿ ಮಾತ್ರ ಅಚ್ಚಾಗಬೇಕು, ಅಚ್ಚಾದದ್ದನ್ನು ರಾಜ ಉಣ್ಣಬೇಕು. ಆಮೇಲೆ ಅಲ್ಲಿ ಯಾರೂ ಅವಸರದಲ್ಲಿ ಏನನ್ನೂ ಬದಲಿಸಲಿಲ್ಲ. ಜಟಿಲಕ ಮಂತ್ರ ಬಿಟ್ಟು ತಪ್ಪು ತಿದ್ದುವ ಕೆಲಸಕ್ಕೆ ಸೇರಿದ. ಬರೆದವರು ಬರೆದಂತೆ, ಓದಿದವರು ಓದಿದಂತೆ, ಆ ನಾಡಿನವರೆಲ್ಲ ತಮ್ಮ ತಮ್ಮ ಮನೆಗಳಲ್ಲಿ ಬಹುಕಾಲ ಸುಖವಾಗಿದ್ದರು.